ನೆಟ್ಟ ತೋಪಿಗೂ ಹಳೆಯ ಕಾಡಿಗೂ ಇರುವ ವ್ಯತ್ಯಾಸ ಮಕ್ಕಳಿಗೆ ತೋರಿಸುವುದು ಹೇಗೆ?

ಭಾನುವಾರದ ತರಗತಿ, ಪುಣೆ
ನಮ್ಮ ಕನ್ನಡ ತರಗತಿಯಲ್ಲಿ 8ರಿಂದ 12 ವರ್ಷದ 18 ಮಕ್ಕಳಿದ್ದಾರೆ. ಮಳೆ ನಿಂತ ಮೇಲೆ ಭೀಮಾಶಂಕರದ ಹಳೆಯ ಕಾಡಿಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಸಸಿ ನೆಡುವುದು ಎಲ್ಲ ಶಾಲೆಯಲ್ಲೂ ಆಗುತ್ತದೆ. ತಾನಾಗಿ ಬೆಳೆದು ಹಳೆಯದಾದ ಕಾಡು ಬೇರೆಯೇ ಎಂಬುದು ಅವರಿಗೆ ಕಣ್ಣಾರೆ ತಿಳಿಯಬೇಕು. ಏನು ಮಾಡಿಸಬೇಕು? ಮರದ ವಯಸ್ಸು ಕೇಳಿದರೆ ಏನು ಹೇಳೋಣ?

ಕಾನುದಾರಿ
ಮೇಡಂ, ಭೀಮಾಶಂಕರಕ್ಕೆ ಮುಂಚಿನ ವಾರ ಪುಣೆಯೊಳಗಿನ ಗುಡ್ಡ ವೇತಾಳ ಟೇಕಡಿಗೆ ಹೋಗಿ ಬನ್ನಿ. ಅಲ್ಲಿ ನೆಟ್ಟ ಗ್ಲಿರಿಸಿಡಿಯಾ ಮರ, ಮರಾಠಿಯವರ ಗಿರಿಪುಷ್ಪ, ಬೇಕಾದಷ್ಟಿದೆ. ಹೋಲಿಸಲು ಇನ್ನೊಂದು ಜಾಗ ಇಲ್ಲದಿದ್ದರೆ ಮಕ್ಕಳಿಗೆ ಕಾಡೆಂದರೆ ಬರೀ ಹಸಿರು.

4 ಮೀಟರ್ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ನೆಲದ ಮೇಲೆ ಚೌಕ ಮಾಡಿ. ಒಳಗೆ ಎಷ್ಟು ಬಗೆಯ ಮೊಳಕೆ ಇದೆ (ಹೆಸರು ಬೇಡ, ಎಲೆಯ ಆಕಾರ ಬೇರೆಯಾದರೆ ಬಗೆ ಬೇರೆ), ತರಗೆಲೆ ಎಷ್ಟು ಸೆಂ.ಮೀ. ದಪ್ಪ, ಹೆಬ್ಬೆರಳಿಗಿಂತ ದಪ್ಪದ ಸತ್ತ ಕೊಂಬೆ ಎಷ್ಟು, ಇಷ್ಟು ಬರೆದರೆ ಸಾಕು. ಎರಡೂ ಕಡೆ ಐದೈದು ಚೌಕ. ಹಗ್ಗ ಹಾಕುವ ಜಾಗವನ್ನು ಮಕ್ಕಳಿಗೇ ಬಿಟ್ಟರೆ ಹೂವಿರುವಲ್ಲಿ, ಅಣಬೆ ಇರುವಲ್ಲಿ ಹಾಕುತ್ತಾರೆ, ಲೆಕ್ಕ ಕೆಡುತ್ತದೆ. ಕಾಲುದಾರಿಯಿಂದ 20 ಹೆಜ್ಜೆ ಎಣಿಸಿ, ಕಾಲು ನಿಂತಲ್ಲೇ ಹಾಕಿಸಿ.

ಹೆಚ್ಚು ಹೊತ್ತು ಕೊಡಬೇಕಾದ್ದು ಬಿದ್ದ ದಿಮ್ಮಿಗೆ. ತೋಪಿನಲ್ಲಿ ಒಣ ಮರ ಸೌದೆಯಾಗಿ ಹೋಗುತ್ತದೆ, ಹಳೆಯ ಕಾಡಿನಲ್ಲಿ ಅಲ್ಲೇ ಕೊಳೆಯುತ್ತದೆ. ಹುಳ ಕೊರೆದ ತೂತು, ಸಡಿಲಾದ ತೊಗಟೆಯ ಒಳಗೆ ಬಿಳಿ ನೂಲಿನಂಥ ಶಿಲೀಂಧ್ರ, ಮೇಲೆ ಪಾಚಿ, ಪಾಚಿಯ ಮೇಲೆ ಎರಡೆಲೆಯ ಸಸಿ: ಒಂದೇ ದಿಮ್ಮಿಯ ಮೇಲೆ ಇಷ್ಟೂ ಸಿಗುತ್ತದೆ. 10 ಪಟ್ಟಿನ ಭೂತಗನ್ನಡಿ ಒಯ್ಯಿರಿ. ಸಣ್ಣ ತುಂಡನ್ನು ದೊಡ್ಡವರೇ ಎತ್ತಬೇಕು. ಆಚೆ ಅಂಚು ಹಿಡಿದು ತಮ್ಮ ಕಡೆಗೆ ವಾಲಿಸಿದರೆ ಚೇಳೋ ಹಾವೋ ಇದ್ದರೆ ತುಂಡು ನಡುವೆ ಅಡ್ಡ ಇರುತ್ತದೆ. ನೋಡಿದ ಮೇಲೆ ಇದ್ದ ಹಾಗೇ ಮಲಗಿಸಿ. ಆರು ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕೇ ಬೇಕು.

ಸುತ್ತಳತೆ
ವಯಸ್ಸಿನ ಬಗ್ಗೆ: ದಯವಿಟ್ಟು "ಈ ಮರಕ್ಕೆ 500 ವರ್ಷ" ಎನ್ನಬೇಡಿ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತದೆ, ಅದಕ್ಕೇ ಕಾಂಡದೊಳಗೆ ವರ್ಷಕ್ಕೊಂದರಂತೆ ಬೀಳುವ ಉಂಗುರ ಸ್ಪಷ್ಟ. ಭೀಮಾಶಂಕರದ ನೇರಳೆ, ಅಂಜನಿಯಂಥ ನಿತ್ಯಹಸಿರು ಮರಗಳಿಗೆ ಅಂಥ ನಿಲುಗಡೆ ಇಲ್ಲ, ಉಂಗುರ ನಂಬುವ ಹಾಗಿಲ್ಲ. ಸುತ್ತಳತೆಯಿಂದ ವಯಸ್ಸು ಗುಣಿಸುವುದೂ ತಪ್ಪು, ನೆರಳಿನಲ್ಲಿ ಸಿಕ್ಕಿಕೊಂಡ ಮರ ಸಣಕಲಾಗಿಯೇ ಮುದಿಯಾಗಿರಬಹುದು.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಲ್ಲಿ ತೇಗದ ಅಡ್ಡ ಬಿಲ್ಲೆ ಒಂದು ಕೊಯ್ಯಿಸಿಕೊಳ್ಳಿ. 80ನೇ ನಂಬರಿನ ಉಪ್ಪುಕಾಗದ, ಆಮೇಲೆ 220, ಕೊನೆಗೆ ಒದ್ದೆ ಬಟ್ಟೆ. ಉಂಗುರ ಎದ್ದು ಕಾಣುತ್ತದೆ.

ಕಾಡಿನಲ್ಲಿ ಸುತ್ತಳತೆಯನ್ನಷ್ಟೇ ಬರೆಸಿ. ನೆಲದಿಂದ 1.37 ಮೀಟರ್ ಎತ್ತರಕ್ಕೆ ಕೋಲಿನಲ್ಲಿ ಗುರುತು ಹಾಕಿ, ಇಳಿಜಾರಾದರೆ ಮೇಲ್ಬದಿಯಿಂದ ಅಳೆಯಿರಿ. ಟೇಪು ಓರೆಯಾದರೆ ಅಳತೆ ಹೆಚ್ಚು ಬರುತ್ತದೆ. ಬುಡದಲ್ಲಿ ಹಲಗೆಯಂಥ ಬೇರಿದ್ದರೆ ಅದರ ಮೇಲಕ್ಕೆ ಹಿಡಿಯಬೇಕು.

ದಾಪೋಡಿ
ಇತಿಹಾಸಕ್ಕೆ ದಾರ ತಗೊಳ್ಳಿ, 1 ಸೆಂ.ಮೀ.ಗೆ 1 ವರ್ಷ. ಇವತ್ತಿನಿಂದ ಹಿಂದಕ್ಕೆ ಒಂದೊಂದು ಘಟನೆಗೂ ಒಂದು ಗಂಟು ಹಾಕಿ: 1985 ಭೀಮಾಶಂಕರ ಅಭಯಾರಣ್ಯ, 1972 ವನ್ಯಜೀವಿ ಸಂರಕ್ಷಣಾ ಕಾಯ್ದೆ, 1878 ಅರಣ್ಯ ಕಾಯ್ದೆ, 1853 ಬೋರಿಬಂದರ್–ಠಾಣೆ ರೈಲು, 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಮುಂಬಯಿ ಪ್ರಾಂತ್ಯದ ಅರಣ್ಯ ಸಂರಕ್ಷಕರಾದದ್ದು. ಅದಕ್ಕೆ ಮೊದಲು ಅವರು ನಮ್ಮ ದಾಪೋಡಿಯ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದರು. 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲೀ ಹಡಗು ಇಂದಿಗೂ ಇಂಗ್ಲೆಂಡಿನಲ್ಲಿ ನೀರಿನ ಮೇಲಿದೆ. ಮರವೆಲ್ಲ ಎಲ್ಲಿ ಹೋಯಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಆಗ ಆ ಗಂಟು ತೋರಿಸಿ.

ದೇವರಾಯಿಗೂ ಹೋಗುವುದಾದರೆ, ಅದು ನಮ್ಮ ದೇವರಕಾಡೇ. ಮೊದಲು ಊರವರನ್ನು ಕೇಳಿ, ಚಪ್ಪಲಿ ಬಿಡಿ ಎಂದರೆ ಬಿಡಿ, ಒಣ ಕಡ್ಡಿಯೂ ಚೀಲಕ್ಕೆ ಬೇಡ. ಎಲೆ ಕೀಳುವ ಬದಲು ಚಿತ್ರ ಬರೆಸಿ. ಶ್ರಾವಣ ಸೋಮವಾರ ಮತ್ತು ಶಿವರಾತ್ರಿ ಬಿಟ್ಟು ಹೋಗಿ, ಜನಸಂದಣಿಯಲ್ಲಿ ಏನೂ ಕಾಣದು. ಬೆಳಿಗ್ಗೆ ಬೇಗ ಗುಪ್ತ ಭೀಮಾಶಂಕರದ ದಾರಿ ಹಿಡಿದರೆ ಶೇಕ್ರು, ಅಂದರೆ ಕೆಂದಳಿಲು, ಕಾಣಬಹುದು. ಒಂದು ನೆಗೆತಕ್ಕೆ ಸುಮಾರು 6 ಮೀಟರ್. ಅಷ್ಟು ದೂರವನ್ನು ನೆಲದ ಮೇಲೆ ಅಳೆದು ತೋರಿಸಿ, ಆಮೇಲೆ ತಲೆ ಎತ್ತಿ ನೋಡಲು ಹೇಳಿ: ಕೊಂಬೆಗೆ ಕೊಂಬೆ ಎಲ್ಲಿ ತಪ್ಪಿದೆ?

ಫೋಂಡಾದಿಂದ
ಗೋವಾ ಕಡೆ ಬಂದರೆ ಸತ್ತರಿ ತಾಲ್ಲೂಕಿನ ಬಾಂಬರದ ನಿರಂಕಾರಾಚಿ ರಾಯ್ ಎಂಬ ದೇವರಕಾಡು ನೋಡಿ. ನಮ್ಮ ಉತ್ತರ ಕನ್ನಡದಲ್ಲಿ ರಾಮಪತ್ರೆ ಜಡ್ಡಿ ಎನ್ನುತ್ತೇವಲ್ಲ, ರಾಮಪತ್ರೆ (ಕಾಡು ಜಾಯಿಕಾಯಿ) ಜಾತಿಯ ಮರಗಳ ಜೌಗು ಕಾಡು, ಅದೇ. ಕೆಸರಿನಲ್ಲಿ ಗಾಳಿ ಸಿಗದೆ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಉಸಿರಾಡುತ್ತವೆ. ಮಕ್ಕಳಿಗೆ ಅವು ಮೆಟ್ಟಿಲಿನ ಹಾಗೆ ಕಾಣುತ್ತವೆ, ತುಳಿಯಲು ಬಿಡಬೇಡಿ, ಅಂಚಿನಿಂದಲೇ ನೋಡಲಿ. ಈ ಮರಗಳ ಬೀಜ ಒಣಗಿದರೆ ಸಾಯುತ್ತದೆ, ಕೂಡಿಟ್ಟು ಬೇರೆ ಕಡೆ ಬಿತ್ತಲಾಗದು. ಹಣ್ಣು ನುಂಗಿ ಬೀಜ ಒಯ್ಯುವ ಮಂಗಟ್ಟೆ ಹಕ್ಕಿ ಮೊಟ್ಟೆ ಇಡುವುದು ದೊಡ್ಡ ಮರದ ಪೊಟರೆಯಲ್ಲಿ, ಹಾಗಾಗಿ ಹಳೆಯ ಮರ ಇರಲೇಬೇಕು. ಮಳೆಗಾಲದಲ್ಲಿ ಇಂಬಳ ಹತ್ತುತ್ತದೆ, ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ. ಕಚ್ಚಿದರೆ ಎಳೆಯಬೇಡಿ, ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯನ್ನು ಪಕ್ಕಕ್ಕೆ ಸರಿಸಿ.

ಭಾನುವಾರದ ತರಗತಿ, ಪುಣೆ
ತುಂಬಾ ಉಪಕಾರವಾಯಿತು. ಹಗ್ಗ, ದಾರ ಎರಡೂ ಈ ವಾರವೇ ತರುತ್ತೇನೆ. ಟೇಕಡಿಯ ಐದು ಚೌಕದ ಲೆಕ್ಕ ಇಲ್ಲೇ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.