ಮಳೆ ಸದ್ದಿಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ, ಏನು ಮಾಡಲಿ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಮಡಿಕೇರಿ ಹತ್ತಿರದ ಹಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡದ ಬರೆ ಕುಸಿದು ಮನೆ ಹೋಯಿತು. ಆ ರಾತ್ರಿ ಮಗಳನ್ನು ಎತ್ತಿಕೊಂಡು ಕೆಸರಲ್ಲೇ ನಡೆದು ಪರಿಹಾರ ಕೇಂದ್ರ ಸೇರಿದೆವು. ಈಗ ಮೈಸೂರಲ್ಲಿ ಬಾಡಿಗೆ ಮನೆ, ಸುತ್ತ ಸಮತಟ್ಟು ಜಾಗ. ಆದರೂ ರಾತ್ರಿ ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಕೈ ತಣ್ಣಗಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಯಾವಾಗ ಎದ್ದೆನೋ ಗೊತ್ತಾಗುವುದಿಲ್ಲ, ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿರುತ್ತೇನೆ. ಧ್ಯಾನ ಮಾಡಿ ಅಂದರು. ಕಣ್ಣು ಮುಚ್ಚಿದರೆ ಇನ್ನೂ ಜಾಸ್ತಿ. ಇಷ್ಟು ವರ್ಷ ಆಯ್ತಲ್ಲ, ಮರೆತುಬಿಡು ಅಂತಾರೆ ಮನೆಯಲ್ಲಿ. ನಾನು ಸರಿ ಹೋಗ್ತೀನಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಸರಿ ಹೋಗಬಹುದು, ಖಂಡಿತ. ಎಷ್ಟೋ ವರ್ಷ ಕಳೆದ ಮೇಲೂ ಇದಕ್ಕೆ ಚಿಕಿತ್ಸೆ ಕೆಲಸ ಮಾಡುತ್ತದೆ.

ಮೊದಲು ಚಪ್ಪಲಿ ವಿಷಯ. ಆ ರಾತ್ರಿ ಮಗಳನ್ನು ಉಳಿಸಿದ್ದು ಇದೇ ಮೈ. ಮಳೆ ಸದ್ದು ಕೇಳಿದ ಕೂಡಲೇ ಎದ್ದು ಓಡಬೇಕು ಅಂತ ಅದು ಅವತ್ತು ಕಲಿತಿದೆ. ಮಿದುಳಿನಲ್ಲಿ ಅಮಿಗ್ಡಲ ಅಂತ ಒಂದು ಚಿಕ್ಕ ಭಾಗ ಇದೆ, ನೀವು ಯೋಚನೆ ಮಾಡುವ ಮೊದಲೇ ಅದು ಅಪಾಯ ಅಂತ ಕೂಗಿಬಿಡುತ್ತದೆ, ಅಡ್ರಿನಾಲಿನ್ ಏರುತ್ತದೆ, ಕಾಲಿಗೆ ರಕ್ತ ನುಗ್ಗುತ್ತದೆ. ಇಂಥ ಹೊತ್ತಲ್ಲಿ "ಮರೆತುಬಿಡು" ಅಂದರೆ ಮೈ ಕೇಳುವುದಿಲ್ಲ. ಮನೆಯವರಿಗೆ ಇದನ್ನು ಓದಿ ಹೇಳಿ.

ಕಣ್ಣು ಮುಚ್ಚಿದರೆ ಯಾಕೆ ಜಾಸ್ತಿ ಅಂದರೆ, ಆಗ ಮೈಸೂರಿನ ಕೋಣೆ ಕಾಣುವುದಿಲ್ಲ, ಸದ್ದು ಮಾತ್ರ ಉಳಿಯುತ್ತದೆ. ಹಾಗಾಗಿ ಕಣ್ಣು ತೆರೆದೇ ಮಾಡಿ. ಮೂಗಿಂದ ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಉಸಿರು ಬಿಡುವಾಗ, ಮಿದುಳಿನಿಂದ ಎದೆಗೆ ಬರುವ ವೇಗಸ್ ನರದ ಮೂಲಕ ಎದೆ ಬಡಿತ ಸ್ವಲ್ಪ ನಿಧಾನ ಆಗುತ್ತದೆ, ಅದಕ್ಕೇ ಬಿಡುವುದು ಉದ್ದ ಇರಲಿ. ಆದರೆ ಮಳೆ ಬಂದಾಗ ಶುರು ಮಾಡಬೇಡಿ. ಬಿಸಿಲಿರುವ ಮಧ್ಯಾಹ್ನ, ಕೆಲಸ ಮುಗಿದ ಮೇಲೆ, ದಿನಾ ಐದು ನಿಮಿಷ. ಪ್ರವಾಹ ಬಂದಾಗ ಈಜು ಕಲಿಯೋಕಾಗುತ್ತಾ? ತಲೆ ಸುತ್ತಿದರೆ ನಿಲ್ಲಿಸಿ ಮಾಮೂಲಿ ಉಸಿರಾಡಿ.

ಮಳೆ ರಾತ್ರಿ ಬಾಗಿಲಿಗೆ ಹೋಗಬೇಡ ಅಂತ ನಿಮ್ಮನ್ನು ನೀವು ತಡೆಯಬೇಡಿ. ಹೋಗಿ. ಲೈಟ್ ಹಾಕಿ, ಬೀದಿ ನೋಡಿ, ಎದುರು ಮನೆ ಗೋಡೆ ನೋಡಿ, ಇವತ್ತಿನ ತಾರೀಖು ಬಾಯಿಬಿಟ್ಟು ಹೇಳಿ. ಎರಡೂ ಅಂಗೈಯಿಂದ ಗೋಡೆಯನ್ನು ಜೋರಾಗಿ ತಳ್ಳಿ, ಆಮೇಲೆ ಬಿಡಿ. ಓಡಲು ಸಿದ್ಧವಾದ ಮೈಗೆ ಸುಮ್ನೆ ಮಲಗು ಅನ್ನುವುದಕ್ಕಿಂತ ಒಂದು ಕೆಲಸ ಕೊಡುವುದೇ ಮೇಲು.

ಇದರಿಂದ ರಾತ್ರಿ ಕಳೆಯುವುದು ಸುಲಭ ಆಗುತ್ತದೆ, ಗಾಯ ಪೂರ್ತಿ ಮಾಯಲ್ಲ. ನೀವು ಹೇಳಿದ್ದು ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಥರ ಕಾಣುತ್ತದೆ, ನೋಡದೆ ನಾನು ಹಾಗೇ ಅಂತ ಹೇಳಲಾರೆ. ಇದಕ್ಕೆ ಆಘಾತಕ್ಕಂತಲೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಆ ನೆನಪು ತಂದುಕೊಳ್ಳುತ್ತಾ ಕಣ್ಣು ಅತ್ತಿತ್ತ ಆಡಿಸುವ ಚಿಕಿತ್ಸೆ) ಇವೆ, ಸಾಮಾನ್ಯವಾಗಿ 8ರಿಂದ 12 ಭೇಟಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರ ಎಲ್ಲಿ ತೋರಿಸಬೇಕು ಅಂತ ಅವರನ್ನೇ ಕೇಳಿ.

ಪ್ರಶ್ನೆ ಕೇಳಿದವರು: ಓದುತ್ತಾ ಅಳು ಬಂತು ಮೇಡಂ. ಮೊಬೈಲಲ್ಲಿ ಮಳೆ ಸದ್ದು ಹಾಕಿ ರೂಢಿ ಮಾಡಿಕೊಳ್ಳಲಾ?

ಉತ್ತರ: ಅದೊಂದನ್ನು ಒಬ್ಬರೇ ಮಾಡಬೇಡಿ. ಚಿಕಿತ್ಸೆ ಶುರುವಾದ ಮೇಲೆ, ಥೆರಪಿಸ್ಟ್ ಜೊತೆ, ಸ್ವಲ್ಪ ಸ್ವಲ್ಪವೇ.

ಇನ್ನೊಬ್ಬ ಸದಸ್ಯರು: ಆಕ್ಸಿಡೆಂಟ್ ಆದಾಗಿನಿಂದ ಅಪ್ಪ ನಿದ್ದೆ ಮಾತ್ರೆ ನುಂಗುತ್ತಿದ್ದಾರೆ. ಒಂದು ವರ್ಷ ಆಯ್ತು. ನಿಲ್ಲಿಸಲಾ?

ಉತ್ತರ: ತಟ್ಟನೆ ನಿಲ್ಲಿಸಬೇಡಿ, ಕೆಲವು ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಚೀಟಿ ಹಿಡಿದು ಮನೋವೈದ್ಯರ ಹತ್ತಿರ ಹೋಗಿ, ನಿಧಾನ ಇಳಿಸುತ್ತಾರೆ. ಆಕ್ಸಿಡೆಂಟ್ ವಿಷಯವನ್ನೂ ಅವರಿಗೆ ಹೇಳಿ, ನಿದ್ದೆ ಬರಲ್ಲ ಅಂತಷ್ಟೇ ಹೇಳಿ ಬಂದುಬಿಡಬೇಡಿ.

ಪ್ರಶ್ನೆ ಕೇಳಿದವರು: ನಾನು ಎದ್ದಾಗ ಮಗಳೂ ಎದ್ದು ಕೂರುತ್ತಾಳೆ. ಏನೂ ಇಲ್ಲ ಮಲಗು ಅಂತೀನಿ.

ಉತ್ತರ: ನಿಮ್ಮ ಮುಖ ನೋಡಿಯೇ ಅವಳಿಗೆ ಗೊತ್ತಾಗುತ್ತದೆ. "ಅಮ್ಮನಿಗೆ ಮಳೆ ಅಂದರೆ ಭಯ, ಆದರೆ ಇಲ್ಲಿ ನಾವು ಸೇಫ್" ಅಂತ ನಿಜ ಹೇಳಿ. ಪಕ್ಕದಲ್ಲಿ ಕೂರಿಸಿಕೊಳ್ಳಿ, ಇಬ್ಬರೂ ಸೇರಿ ಉಸಿರು ಎಣಿಸಿ. ಚಿಕಿತ್ಸೆಗೆ ಹೋದಾಗ ಅವಳ ನಿದ್ದೆ ಹೇಗಿದೆ ಅಂತಾನೂ ಹೇಳಿ.