ಪದ ಬೇಕು: ವಿಮಾನದ 'ಫ್ಲೇರ್' ಮತ್ತು 'ಸ್ಟಾಲ್'

ಸಣ್ಣ ವಿಮಾನಗಳು ಇಳಿಯುವಾಗಿನ ಅವಘಡಗಳ ಕುರಿತ ಕೈಪಿಡಿಯ ಅನುವಾದವೊಂದನ್ನು ತಿದ್ದುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಅಧ್ಯಾಯದ ಹೆಸರು 'ಪೈಲಟ್‌ನ ಅಂದಾಜು ತಪ್ಪಿದಾಗ'. ನೆಲಕ್ಕೆ ಇನ್ನು ಹತ್ತಿಪ್ಪತ್ತು ಅಡಿ ಇರುವಾಗ ಮೂತಿಯನ್ನು ಮೆಲ್ಲನೆ ಎತ್ತಿ ಇಳಿತವನ್ನು ತಗ್ಗಿಸುವುದು ಫ್ಲೇರ್. ಇದನ್ನು ತೀರ ಮೇಲೆಯೇ ಮಾಡಿದರೆ ವೇಗ ಕರಗಿ, ರೆಕ್ಕೆ ಸ್ಟಾಲ್ ಆಗಿ, ಅಂದರೆ ಎತ್ತಿಹಿಡಿಯುವ ಬಲ ಕಳೆದುಕೊಂಡು, ವಿಮಾನ ದೊಪ್ಪನೆ ಬೀಳುತ್ತದೆ. ಅನುವಾದಕರು 'ಜ್ವಾಲೆ', 'ಎಂಜಿನ್ ನಿಲುಗಡೆ' ಎಂದು ಬರೆದಿದ್ದಾರೆ. ಬೆಂಕಿಯೂ ಇಲ್ಲ, ಎಂಜಿನ್ ನಿಂತೂ ಇಲ್ಲ!

ಮರು: 'ಸ್ತಂಭನ' ಇದೆಯಲ್ಲ. ನಿಘಂಟು ತೆರೆಯುವ ಅಭ್ಯಾಸ ತಪ್ಪಿಹೋಗಿದೆ.

ಮರು: ತೆರೆದೇ ಬಂದಿದ್ದೇನೆ. ಸ್ತಂಭನವೆಂದರೆ ಓದುಗರು ವಿಮಾನ ಗಾಳಿಯಲ್ಲಿ ನಿಂತಿತೆಂದುಕೊಳ್ಳುತ್ತಾರೆ. ಇಲ್ಲಿ ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ ಮಿತಿಮೀರಿ, ಎತ್ತಿಹಿಡಿಯುವ ಬಲ ಕುಸಿಯುತ್ತದೆ.

ಮರು: ಹಾಗಾದರೆ 'ಎತ್ತುಗೇಡು'. ಮಾನಗೇಡು, ಹೊತ್ತುಗೇಡು ಇದ್ದಂತೆ. ಫ್ಲೇರಿಗೆ 'ಮೂತಿಯೆತ್ತಿಕೆ'. ಆದರೆ 'ಅಂದಾಜು' ಏಕೆ? ಅದು ಪಾರಸಿ. ಅಳತೆ ಎಂಬರ್ಥದ ಹಳಗನ್ನಡದ ಪವಣ್ ಇಂದಿಗೂ ಹವಣು ಆಗಿ ಉಳಿದಿದೆ; 'ಹವಣುಗೇಡು' ಎನ್ನಿ. ವಿಮಾನವೂ ಬೇಡ, ಬಾನೋಡ.

ಮರು: ಹವಣು 'ಪ್ರಮಾಣ'ದ ತದ್ಭವ ಎನ್ನುವವರೂ ಇದ್ದಾರೆ. ಹಾಗಿದ್ದರೆ ನಿಮ್ಮ ಶುದ್ಧಿಯೇ ಸಾಲದ್ದು. ಬ್ರೇಕ್, ಗೇರ್ ನುಂಗಿದ ಭಾಷೆಗೆ ಫ್ಲೇರ್ ಭಾರವೇ?

ಮರು: ನುಂಗಿ ನುಂಗಿಯೇ ಈ ಅಜೀರ್ಣ.

ಮರು: ಇಬ್ಬರೂ ದಯವಿಟ್ಟು ನಿಲ್ಲಿಸಿ. ರನ್‌ವೇ ರೂಢಿಗಿಂತ ಕಿರಿದಾಗಿದ್ದರೆ ತಾನು ಎತ್ತರದಲ್ಲಿದ್ದೇನೆಂದು ಪೈಲಟ್‌ಗೆ ಭಾಸವಾಗುತ್ತದೆ, ಅವನು ತಗ್ಗಿ ಬರುತ್ತಾನೆ. ಅಗಲವಾಗಿದ್ದರೆ ಮೇಲೆಯೇ ಮೂತಿ ಎತ್ತುತ್ತಾನೆ. ಇದು ಕಣ್ಣಂದಾಜಿನ ತಪ್ಪು. ಹವಣಿಸುವುದೆಂದರೆ ಇಂದಿನ ಓದುಗರಿಗೆ ಯತ್ನಿಸುವುದು, ಅಳೆಯುವುದಲ್ಲ. ಅಂದಾಜು ಇರಲಿ. ಫ್ಲೇರಿಗೆ 'ಮೂತಿ ಎತ್ತುವುದು', ಸ್ಟಾಲ್‌ಗೆ 'ಎತ್ತುಬಲ ಕುಸಿತ' ಎಂದು ಹಾಕುತ್ತೇನೆ. ಎತ್ತುಗೇಡು ಎಂದರೆ ಎತ್ತಿಗೆ ರೋಗ ಬಂದಂತೆ ಕೇಳಿಸುತ್ತದೆ, ಕ್ಷಮಿಸಿ.

ಇನ್ನೊಂದು ಉಳಿದಿದೆ. ಚಕ್ರ ನೆಲಕ್ಕೆ ತಾಗಿ ವಿಮಾನ ಪುಟಿದಾಗ ಪೈಲಟ್ ಗಾಬರಿಯಿಂದ ಮೂತಿ ತಗ್ಗಿಸುತ್ತಾನೆ. ಮುಂದಿನ ಚಕ್ರ ಮೊದಲು ಬಡಿದು ಮತ್ತೆ ಪುಟಿಯುತ್ತದೆ, ಪ್ರತಿಸಲವೂ ಹೆಚ್ಚು ಜೋರಾಗಿ, ಕಡೆಗೆ ಪ್ರೊಪೆಲ್ಲರ್ ನೆಲಕ್ಕೆ ತಾಗುವವರೆಗೆ. ಇದಕ್ಕೆ?

ಮರು: ಕುಪ್ಪಳಿಕೆ.

ಮರು: ಒಪ್ಪಿದೆ. ಇದರ ವ್ಯುತ್ಪತ್ತಿಯನ್ನು ದಯವಿಟ್ಟು ನಾಳಿದ್ದು ಕಳುಹಿಸಿ.