ಗುವಾಂಗ್‌ಝೌ ನಗರದ ಅಗ್ಗದ ಚೀನೀ ಹೋಟೆಲುಗಳು: ದನ, ಹಂದಿ ತಿನ್ನದವರು ಎಲ್ಲಿ ಕೂರಬೇಕು, ಏನು ಕೇಳಬೇಕು?

ಪೀಣ್ಯದ ಯಂತ್ರಶಾಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಪ್ಯಾಕಿಂಗ್ ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ಅಕ್ಟೋಬರ್ 15ರಂದು ಆರಂಭವಾಗುವ ಗುವಾಂಗ್‌ಝೌನ ದೊಡ್ಡ ವ್ಯಾಪಾರ ಮೇಳವಾದ ಕ್ಯಾಂಟನ್ ಮೇಳದ ಮೊದಲ ಹಂತಕ್ಕೆ ನಾನೂ ನನ್ನ ಪಾಲುದಾರರೂ ಹೋಗುವವರಿದ್ದೇವೆ. ಮೇಳ ಮುಗಿದ ಮೇಲೆ ಪಕ್ಕದ ಫೋಶಾನ್ ನಗರದಲ್ಲಿ ಕೆಲವು ಕಾರ್ಖಾನೆಗಳನ್ನು ನೋಡುವುದಿದೆ. ವೀಸಾ, ವಸತಿ ಎಲ್ಲವೂ ಆಗಿದೆ. ಬಗೆಹರಿಯದೆ ಉಳಿದಿರುವುದು ಊಟದ ವಿಷಯವೊಂದೇ. ಹಿಂದೆ ಹೋಗಿ ಬಂದ ಪರಿಚಿತರು ಭಾರತೀಯ ಹೋಟೆಲುಗಳ ಹೆಸರು ಕೊಟ್ಟಿದ್ದಾರೆ, ಆದರೆ ಅವು ದುಬಾರಿ ಮತ್ತು ಮೇಳ ನಡೆಯುವ ಪಾಝೌಗೆ ದೂರ. ಬಿಸಿನೀರು ಸುರಿದು ತಿನ್ನುವ ಉಪ್ಪಿಟ್ಟಿನ ಪೊಟ್ಟಣಗಳನ್ನೇ ನಂಬಿ ದಿನ ಕಳೆಯಲು ನನಗಂತೂ ಮನಸ್ಸಿಲ್ಲ. ಅಲ್ಲಿನ ಕೆಲಸಗಾರರೂ ಅಂಗಡಿಯವರೂ ದಿನನಿತ್ಯ ಉಣ್ಣುವ ಸಣ್ಣ ಹೋಟೆಲುಗಳಲ್ಲೇ ಉಣ್ಣಬೇಕೆಂಬುದು ನನ್ನ ಆಸೆ.

ನಾನು ಮೊಟ್ಟೆ, ಕೋಳಿ, ಮೀನು ತಿನ್ನುತ್ತೇನೆ; ದನ ಮತ್ತು ಹಂದಿಯ ಮಾಂಸ ತಿನ್ನುವುದಿಲ್ಲ. ಪಾಲುದಾರರು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಗೆ ಅಡ್ಡಿಯಿಲ್ಲ. ಚೀನೀ ಭಾಷೆ ಇಬ್ಬರಿಗೂ ಬಾರದು. ಯಾವ ಬಗೆಯ ಹೋಟೆಲಿಗೆ ಹೋಗಬೇಕು, ಏನು ಕೇಳಬೇಕು, ಹಣ ಹೇಗೆ ಕೊಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಮುತ್ತಿನ ನದಿ (ಉತ್ತರ)

ನಮಸ್ಕಾರ. ಉದ್ಯೋಗದ ನಿಮಿತ್ತ ಗುವಾಂಗ್‌ಝೌನಲ್ಲಿ ಕೆಲವು ವರ್ಷ ನೆಲೆಸಿದ್ದವನಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಆರಿಸಿಕೊಳ್ಳಬೇಕಾದದ್ದು ಖಾದ್ಯವನ್ನಲ್ಲ, ಹೋಟೆಲಿನ ಜಾತಿಯನ್ನು. ಎಲ್ಲವೂ ಸಿಗುವ ಸಾಮಾನ್ಯ ಹೋಟೆಲಿನಲ್ಲಿ ಕುಳಿತು ಅದು ಬೇಡ, ಇದು ಬೇಡ ಎಂದು ಕಳೆಯುತ್ತ ಹೋದರೆ ಕೊನೆಗೆ ಬರಿಯ ಅನ್ನ ಉಳಿಯುತ್ತದೆ; ನಿಮಗೆ ಬೇಡವಾದದ್ದು ಅಡುಗೆಮನೆಗೇ ಬಾರದಂಥ ಹೋಟೆಲನ್ನು ಹುಡುಕಿಕೊಂಡರೆ ಭಾಷೆ ಬಾರದಿದ್ದರೂ ಊಟ ಸಾಗುತ್ತದೆ. ನಿಮ್ಮಿಬ್ಬರಿಗೆ ಅಂಥ ಹೋಟೆಲುಗಳು ಬೇರೆ ಬೇರೆ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಲಾನ್‌ಝೌ ಲಾಮಿಯನ್ (ಕೈಯಿಂದ ಎಳೆದು ಮಾಡುವ ನೂಡಲ್ಸ್) ಅಂಗಡಿಗಳು ಬಹಳ ಅನುಕೂಲ. ದಕ್ಷಿಣ ಚೀನಾದ ಯಾವ ಬಡಾವಣೆಗೆ ಹೋದರೂ ಹಸಿರು ಅಥವಾ ನೀಲಿ ಫಲಕದ ಇಂಥ ಒಂದು ಅಂಗಡಿ ಕಣ್ಣಿಗೆ ಬೀಳುತ್ತದೆ. ಹೆಸರು ಗಾನ್ಸು ಪ್ರಾಂತ್ಯದ ಲಾನ್‌ಝೌ ನಗರದ್ದಾದರೂ ಇವುಗಳಲ್ಲಿ ಹೆಚ್ಚಿನವನ್ನು ನಡೆಸುವವರು ಪಕ್ಕದ ಚಿಂಗ್‌ಹಾಯ್ ಪ್ರಾಂತ್ಯದ ಹುವಾಲೊಂಗ್ ಕೌಂಟಿಯ ಹುಯಿ ಮುಸ್ಲಿಮರು. ಬೆಟ್ಟಗಾಡಿನ ಬಡ ಊರುಗಳಿಂದ 1980ರ ದಶಕದ ಕೊನೆಯಲ್ಲಿ ಕರಾವಳಿ ನಗರಗಳತ್ತ ಹೊರಟ ಕುಟುಂಬಗಳು, ಒಬ್ಬರ ಹಿಂದೆ ಒಬ್ಬರು ಬಂಧುಗಳನ್ನು ಕರೆಸಿಕೊಂಡು, ಇಡೀ ದೇಶಕ್ಕೆ ಈ ಅಂಗಡಿಗಳನ್ನು ಹರಡಿವೆ. (ಇದರಿಂದ ಲಾನ್‌ಝೌ ನಗರದವರಿಗೆ ತುಸು ಸಿಟ್ಟೂ ಇದೆ; ತಮ್ಮ ಊರಿನ ನೂಡಲ್ಸ್ ಇದಲ್ಲವೇ ಅಲ್ಲ ಎನ್ನುತ್ತಾರೆ.) ಮುಸ್ಲಿಮರ ಅಂಗಡಿಯಾದ್ದರಿಂದ ಹಂದಿಯ ಮಾಂಸವಾಗಲಿ ಕೊಬ್ಬಾಗಲಿ ಒಳಗೆ ಬರುವುದಿಲ್ಲ. ಮದ್ಯವನ್ನು ಮಾರುವುದಿಲ್ಲ, ಹೊರಗಿನಿಂದ ಬಿಯರ್ ತಂದು ಅಲ್ಲಿ ಕೂರಬೇಡಿ, ಅದು ಅವಮಾನವಾಗುತ್ತದೆ.

ಉಳಿಯುವುದು ದನದ ಪ್ರಶ್ನೆ. ಫಲಕದಲ್ಲಿ ದೊಡ್ಡದಾಗಿ ಚಿತ್ರವಿರುವ ರಸದ ನೂಡಲ್ಸ್‌ನಲ್ಲಿ ಮಾಂಸದ ತುಂಡುಗಳನ್ನು ತೆಗೆಸಿದರೂ ರಸವೇ ದನದ ಮೂಳೆ ಬೇಯಿಸಿದ್ದು; ಆದ್ದರಿಂದ ರಸವಿರುವ ಯಾವುದನ್ನೂ ನೀವು ಕೇಳಬಾರದು. ಕೇಳಬೇಕಾದದ್ದು ಬಾಣಲೆಯಲ್ಲಿ ಹುರಿದವನ್ನು. ಟೊಮೆಟೊ ಮತ್ತು ಮೊಟ್ಟೆಯ ಗೊಜ್ಜನ್ನು ಅನ್ನದ ಮೇಲೆ ಸುರಿದು ಕೊಡುವ ತಟ್ಟೆ ಎಲ್ಲ ಅಂಗಡಿಗಳಲ್ಲೂ ಇರುತ್ತದೆ, ಬೆಲೆ 15ರಿಂದ 20 ಯುವಾನ್; ರೂಪಾಯಿಯ ಲೆಕ್ಕಕ್ಕೆ ಆಗಿನ ವಿನಿಮಯ ದರ ನೋಡಿಕೊಳ್ಳಿ. ಇಬ್ಬರು ಮೂವರಿದ್ದರೆ ದಾಪಾನ್‌ಜಿ ಕೇಳಿ: ಮೂಳೆಸಹಿತ ಕೋಳಿ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿ, ಒಣಮೆಣಸು, ಚಕ್ಕೆ, ಅನಾನಸ್ ಹೂವು ಹಾಕಿ ಕುದಿಸಿದ ಶಿನ್‌ಜಿಯಾಂಗ್ ಕಡೆಯ ಖಾದ್ಯ. ತಳದಲ್ಲಿ ಉಳಿದ ಗೊಜ್ಜಿಗೆ ಬೆಲ್ಟಿನಷ್ಟು ಅಗಲದ ನೂಡಲ್ಸ್ ಹಾಕಿಸಿಕೊಂಡು ತಿನ್ನುವುದೇ ಅದರ ಸೊಗಸು. ನನ್ನ ಅಭಿಪ್ರಾಯದಲ್ಲಿ ಅಗ್ಗದ ಚೀನೀ ಊಟದಲ್ಲಿ ಕನ್ನಡಿಗರ ನಾಲಿಗೆಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಚಿಕ್ಕ ತಟ್ಟೆಯೂ ಸಿಗುತ್ತದೆ, ಗೋಡೆಯ ಮೇಲಿನ ಚಿತ್ರವನ್ನು ಬೆರಳಿಟ್ಟು ತೋರಿಸಿದರೆ ಸಾಕು. ಬಾಣಲೆ ಮಾತ್ರ ಎಲ್ಲಕ್ಕೂ ಒಂದೇ. ಅದು ಒಪ್ಪಿಗೆಯಾಗದಿದ್ದರೆ ಈ ಅಂಗಡಿಯೂ ನಿಮಗಲ್ಲ.

ಆರಂಭದಲ್ಲಿ ಒಂದೆರಡು ನಿಮಿಷ ಹಿಟ್ಟು ಎಳೆಯುವವರನ್ನು ನೋಡುತ್ತ ನಿಲ್ಲಿ. ಹಿಟ್ಟನ್ನು ಎರಡು ಕೈಯಿಂದ ಎಳೆದು ಮಡಚಿ ಮತ್ತೆ ಎಳೆಯುತ್ತಾರೆ; ಪ್ರತಿ ಮಡಿಕೆಗೂ ಎಳೆಗಳು ಇಮ್ಮಡಿಯಾಗುವುದರಿಂದ ಏಳನೆಯ ಸುತ್ತಿಗೆ 128, ಎಂಟನೆಯದಕ್ಕೆ 256 ಎಳೆಗಳಾಗುತ್ತವೆ. ಹಿಟ್ಟು ಹರಿಯದೆ ಹಿಗ್ಗುವುದಕ್ಕೆ ಕಾರಣ ಅದಕ್ಕೆ ಬೆರೆಸುವ ಕ್ಷಾರ; ಹಿಂದೆ ಗಾನ್ಸುವಿನ ಒಣಭೂಮಿಯ ಗಿಡವೊಂದನ್ನು ಸುಟ್ಟ ಬೂದಿಯಿಂದ ಅದನ್ನು ಪಡೆಯುತ್ತಿದ್ದರು, ಈಗ ಪುಡಿಯಾಗಿ ಅಂಗಡಿಯಲ್ಲಿ ಸಿಗುತ್ತದೆ.

ಸಾಗರದ ಗೃಹಿಣಿ (ಉತ್ತರ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಿಮ್ಮ ಪಾಲುದಾರರ ವಿಷಯವನ್ನು ನಾನು ಹೇಳಬಲ್ಲೆ, ಏಕೆಂದರೆ ನಾವೂ ಮೊಟ್ಟೆ ತಿನ್ನದವರು, ಯಜಮಾನರ ಕೆಲಸದಿಂದಾಗಿ ಶೆನ್‌ಝೆನ್‌ನಲ್ಲಿ ಸಂಸಾರ ಹೂಡಿದವರು.

ಅವರು ಹುಡುಕಬೇಕಾದದ್ದು ಬೌದ್ಧ ಸಸ್ಯಾಹಾರದ ಹೋಟೆಲುಗಳನ್ನು. ಚೀನಾದ ಬೌದ್ಧ ಭಿಕ್ಷುಗಳು ಮಾಂಸವನ್ನಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿ ವರ್ಗದ ಘಾಟು ಸೊಪ್ಪುಗಳನ್ನೂ ಬಿಟ್ಟವರಾದ್ದರಿಂದ ಅಲ್ಲಿನ ಅಡುಗೆ ನಮ್ಮ ಮಠಗಳ ನಿಯಮಕ್ಕೂ ಒಪ್ಪುವಂತಿರುತ್ತದೆ. ಅನೇಕ ಅಂಗಡಿಗಳ ಫಲಕದ ಮೇಲೆ ಸ್ವಸ್ತಿಕ ಚಿಹ್ನೆ ಇರುತ್ತದೆ, ಭಾಷೆ ಬಾರದವರಿಗೆ ಅದು ಒಳ್ಳೆಯ ಗುರುತು. ಗುವಾಂಗ್‌ಝೌನಲ್ಲಿ ಬೀಜಿಂಗ್ ರಸ್ತೆಯ ಸಮೀಪ ದಾಫೋ ದೇವಾಲಯವಿದೆ. ಅದರ ಆಸುಪಾಸಿನಲ್ಲೂ, ಹಳೆಯ ನಗರದ ಲ್ಯೂರೊಂಗ್, ಗುವಾಂಗ್‌ಶಿಯಾವ್ ದೇವಾಲಯಗಳ ಸುತ್ತಲೂ ಹುಡುಕಿ. ಎಷ್ಟು ಬೇಕೋ ಅಷ್ಟು ಬಡಿಸಿಕೊಳ್ಳುವ ಪದ್ಧತಿಯ ಹೋಟೆಲುಗಳಲ್ಲಿ ಒಬ್ಬರಿಗೆ ಸುಮಾರು 20ರಿಂದ 35 ಯುವಾನ್ ಆಗುತ್ತದೆ. ಅನ್ನ, ಗಂಜಿ, ಹತ್ತಾರು ಪಲ್ಯ, ಅಣಬೆ, ತೋಫು, ಹಣ್ಣು ಎಲ್ಲವೂ ಇರುತ್ತವೆ. ತಟ್ಟೆಯಲ್ಲಿ ಬಿಡುವುದನ್ನು ಅವರು ಸಹಿಸುವುದಿಲ್ಲ, ಕೆಲವೆಡೆ ದಂಡವನ್ನೂ ಹಾಕುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಹಾಕಿಸಿಕೊಳ್ಳಲಿ. ಚಾಂದ್ರಮಾನ ತಿಂಗಳ ಮೊದಲ ಮತ್ತು ಹದಿನೈದನೆಯ ದಿನ ಸಾಮಾನ್ಯ ಜನರೂ ಮಾಂಸ ಬಿಡುವ ರೂಢಿಯಿರುವುದರಿಂದ ಅಂದು ಜಾಗ ಸಿಗುವುದು ಕಷ್ಟ. ಹನ್ನೊಂದೂವರೆಗೇ ಹೋಗಿ ಕುಳಿತುಬಿಡಬೇಕು.

ಅಲ್ಲಿ ಮೀನಿನ ಆಕಾರದ, ಸೀಗಡಿಯ ಬಣ್ಣದ, ಹುರಿದ ಬಾತುಕೋಳಿಯಂತೆಯೇ ಕಾಣುವ ಪದಾರ್ಥಗಳನ್ನು ಕಂಡು ಗಾಬರಿಯಾಗುವುದು ಬೇಡ. ಅವು ಸೋಯಾ, ಗೋಧಿಯ ಅಂಟು, ಕೊನ್‌ಜ್ಯಾಕ್ ಗೆಡ್ಡೆಗಳಿಂದ ಮಾಡಿದವು. ನನಗೆ ಅವುಗಳ ರುಚಿ ಹಿಡಿಸಲಿಲ್ಲ, ನೋಡಿದರೇ ಮನಸ್ಸು ಹಿಂಜರಿಯುತ್ತದೆ. ಮೊಟ್ಟೆಯನ್ನು ಮಾತ್ರ ಕೆಲವು ಅಂಗಡಿಗಳು ಬಳಸುತ್ತವೆ, ಅದನ್ನು ಕೇಳಿಯೇ ತಿನ್ನಬೇಕು.

ಸಾಮಾನ್ಯ ಹೋಟೆಲಿಗೆ ಹೋಗಲೇಬೇಕಾಗಿ ಬಂದರೆ, ನಿಮಗೆ ಪರಿಚಯವಿರುವ ಕಾರ್ಖಾನೆಯ ಸಿಬ್ಬಂದಿಯಿಂದ ಚೀನೀ ಲಿಪಿಯಲ್ಲಿ ಒಂದು ಚೀಟಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಬರೆಸಿದರೆ ಸಾಲದು. ಕೊಚ್ಚಿದ ಹಂದಿ ಮಾಂಸದ ಒಂದು ಚಮಚವನ್ನು ಅಡುಗೆಯವರು ಒಗ್ಗರಣೆಯ ಲೆಕ್ಕದಲ್ಲಿ ಇಡುತ್ತಾರೆಯೇ ಹೊರತು ಮಾಂಸದ ಲೆಕ್ಕದಲ್ಲಲ್ಲ. ಮಾಪೋ ತೋಫು, ಹುರಿದ ಬೀನ್ಸ್, ಬದನೆಕಾಯಿಯ ಗೊಜ್ಜು, ಕೈಯಲ್ಲಿ ಹರಿದ ಎಲೆಕೋಸಿನ ಪಲ್ಯ, ಇವೆಲ್ಲವೂ ಹೆಸರಿನಲ್ಲಿ ತರಕಾರಿಯಾದರೂ ಅನೇಕ ಕಡೆ ಹಂದಿಯ ಅಥವಾ ದನದ ಮಾಂಸ ಬೀಳುವ ಅಡುಗೆಗಳು. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಒಣಸೀಗಡಿ, ಹಂದಿಯ ಕೊಬ್ಬು, ಮೂಳೆಯ ರಸ, ಆಯ್ಸ್ಟರ್ (ಸಿಂಪಿ) ಸಾಸ್ ಎಂದು ಒಂದೊಂದನ್ನೂ ಹೆಸರಿಸಿ ಬರೆಸಬೇಕು. ಕೊನೆಯದನ್ನು ಮರೆಯಬೇಡಿ: ಆ ಸಾಸ್ ಹುಟ್ಟಿದ್ದೇ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, 1888ರಲ್ಲಿ, ಲೀ ಕಮ್ ಶೆಂಗ್ ಎಂಬವರ ಕೈಯಲ್ಲಿ, ಬೇಯಿಸಿದ ಸೊಪ್ಪಿನ ಮೇಲೂ ಅದನ್ನು ಸುರಿಯದೆ ಅಲ್ಲಿನವರಿಗೆ ಸಮಾಧಾನವಿಲ್ಲ. ಇಷ್ಟೆಲ್ಲ ಆದ ಮೇಲೆ ವಿನೆಗರ್ ಹಾಕಿ ಹುರಿದ ಆಲೂಗಡ್ಡೆಯ ಎಳೆಗಳು, ಅಥವಾ ಬೆಳ್ಳುಳ್ಳಿಯಲ್ಲಿ ಬಾಡಿಸಿದ ಸೊಪ್ಪು, ಜೊತೆಗೆ ಅನ್ನ ಎಂದು ಕೇಳಲಿ.

ದಾವಣಗೆರೆ ಹತ್ತಿ (ಉತ್ತರ)

ಇಷ್ಟೊಂದು ತೊಡಕೇಕೆ? ಶಾಶಿಯನ್ ಎಂಬ ಸಣ್ಣ ತಿಂಡಿ ಅಂಗಡಿಗಳು ಗಲ್ಲಿಗೊಂದು ಇವೆ. ಅಲ್ಲಿ ಕಡಲೆಕಾಯಿ ಗೊಜ್ಜು ಕಲಸಿದ ನೂಡಲ್ಸ್ 10 ಯುವಾನಿನ ಆಸುಪಾಸಿನಲ್ಲೇ ಸಿಗುತ್ತದೆ, ಅದರಲ್ಲಿ ಮಾಂಸ ಕಾಣುವುದಿಲ್ಲ. ಇಲ್ಲವಾದರೆ ಮಾಲಾತಾಂಗ್ ಅಂಗಡಿಯಲ್ಲಿ ತರಕಾರಿಗಳನ್ನು ನಾವೇ ಬುಟ್ಟಿಗೆ ಆರಿಸಿ ತೂಕ ಹಾಕಿಸಿಕೊಟ್ಟರೆ ಕುದಿಸಿ ಕೊಡುತ್ತಾರೆ. ಸಸ್ಯಾಹಾರಿಗೆ ಇದಕ್ಕಿಂತ ಸುಲಭವಾದದ್ದು ಇಲ್ಲ.

ಮುತ್ತಿನ ನದಿ (ಉತ್ತರ)

ದಾವಣಗೆರೆಯವರ ಮಾತು ಪ್ರಶ್ನೆ ಕೇಳಿದವರಿಗೂ ಹೊಂದದು, ಅವರ ಪಾಲುದಾರರಿಗಂತೂ ಖಂಡಿತ ಹೊಂದದು. ಶಾಶಿಯನ್ ಅಂಗಡಿಗಳು ಫೂಜಿಯಾನ್ ಪ್ರಾಂತ್ಯದ ಅದೇ ಹೆಸರಿನ ಊರಿನವರು ಹರಡಿದವು, ಅಗ್ಗವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಅಡುಗೆಮನೆಯ ಆಧಾರವೇ ಹಂದಿ: ಹಬೆಯಲ್ಲಿ ಬೇಯಿಸಿದ ಕಡುಬುಗಳೊಳಗೆ ಹಂದಿ, ಮಡಕೆಯ ರಸಗಳಲ್ಲಿ ಹಂದಿಯ ಮೂಳೆ, ಕಡಲೆಕಾಯಿ ನೂಡಲ್ಸ್ ಕಲಸುವಾಗ ಹಂದಿಯ ಕೊಬ್ಬನ್ನೂ ಸೇರಿಸುವುದು ವಾಡಿಕೆ. ಮಾಂಸ ಕಾಣುವುದಿಲ್ಲ ಎಂಬುದು ನಿಜವೇ. ಮಾಲಾತಾಂಗ್‌ನಲ್ಲಿ ಬುಟ್ಟಿಗೆ ಹಾಕುವುದು ನಮ್ಮ ಕೈಯಲ್ಲಿದ್ದರೂ ಕುದಿಸುವ ರಸ ಮೂಳೆಯದು, ಮತ್ತು ಎಲ್ಲರ ಬುಟ್ಟಿಯೂ ಮುಳುಗುವುದು ಒಂದೇ ಪಾತ್ರೆಯಲ್ಲಿ. ರಸ ಬೇಡ, ಒಣದಾಗಿ ಕಲಸಿ ಕೊಡಿ ಎಂದು ಕೇಳಿದರೂ ಬೇಯುವುದು ಅಲ್ಲೇ.

ಬೆಂಗಳೂರಿನ ಚೈನೀಸ್ ಕೌಂಟರಿನ ಲೆಕ್ಕವನ್ನು ಮನಸ್ಸಿನಿಂದ ತೆಗೆದುಹಾಕಿ. ಗೋಬಿ ಮಂಚೂರಿ ಆ ದೇಶದಲ್ಲಿ ಯಾರಿಗೂ ಗೊತ್ತಿಲ್ಲ.

ಪೀಣ್ಯದ ಯಂತ್ರಶಾಲೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಚೀಟಿಯನ್ನು ಫೋಶಾನಿನ ಕಾರ್ಖಾನೆಯವರಿಂದ ಇವತ್ತೇ ಬರೆಸುತ್ತೇನೆ. ಎರಡು ವಿಷಯ ಉಳಿದಿವೆ: ಬೆಳಗಿನ ತಿಂಡಿಗೆ ಏನು ಮಾಡುವುದು, ಮತ್ತು ಇಂಥ ಸಣ್ಣ ಅಂಗಡಿಗಳಲ್ಲಿ ನಮ್ಮ ಕಾರ್ಡು ನಡೆಯುತ್ತದೆಯೇ?

ಸಾಗರದ ಗೃಹಿಣಿ (ಉತ್ತರ)

ತಿಂಡಿಗೆ ಛಾಂಗ್‌ಫೆನ್ ನೋಡಿ ಸರ್. ನಮ್ಮ ನೀರುದೋಸೆಯ ಹಿಟ್ಟಿನಷ್ಟೇ ತೆಳುವಾದ ಅಕ್ಕಿಹಿಟ್ಟನ್ನು ತಗಡಿನ ತಟ್ಟೆಗೆ ಸುರಿದು, ಡ್ರಾಯರಿನಂತೆ ಎಳೆದು ತಳ್ಳುವ ಹಬೆಯ ಪೆಟ್ಟಿಗೆಯಲ್ಲಿ ಒಂದೆರಡು ನಿಮಿಷ ಬೇಯಿಸಿ, ಕೆರೆದು ಸುರುಳಿ ಮಾಡಿ ಸೋಯಾ ಸಾಸ್ ಹಾಕಿ ಕೊಡುತ್ತಾರೆ. ನಿಮ್ಮ ಕಣ್ಣೆದುರೇ ಮಾಡುವುದರಿಂದ ಏನು ಬೀಳುತ್ತದೆ ಎಂಬುದು ಕಾಣುತ್ತದೆ. ನೀವು ಮೊಟ್ಟೆ ಒಡೆಸಿಕೊಳ್ಳಿ, ಪಾಲುದಾರರು ಲೆಟಿಸ್ ಎಲೆಯನ್ನಷ್ಟೇ ಇಡಿಸಿಕೊಳ್ಳಲಿ. ಮೇಲೆ ಸುರಿಯುವ ಸೋಯಾ ರಸವನ್ನು ಕೆಲವರು ಬೇರೆ ಪದಾರ್ಥ ಸೇರಿಸಿ ಕುದಿಸಿರುತ್ತಾರೆ, ಚೀಟಿ ತೋರಿಸಿ ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಬಿಸಿ ಸೋಯಾಹಾಲು ಸಿಗುತ್ತದೆ. ಕಾಫಿಯ ಆಸೆಯಿದ್ದರೆ ಪುಡಿಯನ್ನು ಊರಿನಿಂದಲೇ ಒಯ್ಯಿರಿ.

ಮುತ್ತಿನ ನದಿ (ಉತ್ತರ)

ಹಣದ ವಿಷಯ. ಕಾರ್ಡನ್ನು ಉಜ್ಜುವ ಯಂತ್ರ ಇಂಥ ಅಂಗಡಿಗಳಲ್ಲಿ ಇರುವುದಿಲ್ಲ. ಎಲ್ಲವೂ ಅಲಿಪೇ ಅಥವಾ ವೀಚಾಟ್‌ನ ಕ್ಯೂಆರ್ ಚೌಕದಿಂದ ನಡೆಯುತ್ತದೆ. ಈಗ ವಿದೇಶದ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ಅವೆರಡಕ್ಕೂ ಜೋಡಿಸಬಹುದು, ಆದರೆ ಪಾಸ್‌ಪೋರ್ಟ್ ಪರಿಶೀಲನೆಯನ್ನೂ ಬ್ಯಾಂಕಿನ ಒಟಿಪಿಯನ್ನೂ ಬೆಂಗಳೂರಿನಲ್ಲಿ ಇರುವಾಗಲೇ ಮುಗಿಸಿಕೊಳ್ಳಿ. 200 ಯುವಾನ್‌ವರೆಗಿನ ಪಾವತಿಗೆ ಅವರು ಶುಲ್ಕ ಹಿಡಿಯುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಶೇ 3ರಷ್ಟು ಹಿಡಿಯುತ್ತಾರೆ. ಸಣ್ಣ ಹೋಟೆಲಿನ ಊಟ ಆ ಮಿತಿಯನ್ನು ದಾಟುವುದಿಲ್ಲ. ನಗದನ್ನು ನಿರಾಕರಿಸುವಂತಿಲ್ಲವೆಂಬ ನಿಯಮವಿದ್ದರೂ ಚಿಲ್ಲರೆ ಇರುವುದಿಲ್ಲವಾದ್ದರಿಂದ 5, 10, 20ರ ನೋಟುಗಳನ್ನು ಇಟ್ಟುಕೊಳ್ಳಿ. ಗೂಗಲ್‌ನ ಅನುವಾದವೂ ನಕ್ಷೆಯೂ ಅಲ್ಲಿ ನೇರವಾಗಿ ತೆರೆಯುವುದಿಲ್ಲ. ಜಾಲವಿಲ್ಲದೆ ನಡೆಯುವ ಅನುವಾದದ ಭಾಷಾ ಕಡತವನ್ನು ಮೊದಲೇ ಇಳಿಸಿಕೊಂಡಿರಬೇಕು.

ಟಿಪ್ಸ್ ಕೊಡುವ ಪದ್ಧತಿಯಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಬಟ್ಟಲು, ಲೋಟಗಳನ್ನು ಮೇಜಿನ ಮೇಲೆ ಇಟ್ಟರೆ ಅದಕ್ಕೆ ತಲಾ ಒಂದೆರಡು ಯುವಾನ್ ಬಿಲ್ಲಿನಲ್ಲಿ ಸೇರಿರುತ್ತದೆ. ಪಕ್ಕದ ಮೇಜಿನವರು ಬಿಸಿ ಚಹಾ ಸುರಿದು ಅವನ್ನು ತೊಳೆಯುತ್ತಿರುವುದು ಕಂಡರೆ ನೀವೂ ಹಾಗೆಯೇ ಮಾಡಿ, ತೊಳೆದ ನೀರಿಗೆ ಒಂದು ದೊಡ್ಡ ಬೋಗುಣಿ ಇಟ್ಟಿರುತ್ತಾರೆ.